ವ್ಯಾನಿನ ಅಡಿಯಿಂದ ಗುಂಯ್ ಸದ್ದು ಬಂದರೆ ಮೊದಲು ಟೈರಿಗೆ ಹಣ ಹಾಕಬೇಡಿ

ಹಳೆಯ ವ್ಯಾನು ಇಟ್ಟುಕೊಂಡಿರುವವರಿಗೆ ಒಂದು ಮಾತು. ಗಾಡಿಯನ್ನು ಓಡಿಸಿ ನೋಡದೆಯೇ 'ಇದು ಬೇರಿಂಗಿನ ಸದ್ದು' ಎಂದು ತೀರ್ಪು ಕೊಡುವ ಗ್ಯಾರೇಜಿಗೆ ಕೀಲಿ ಒಪ್ಪಿಸಬೇಡಿ. ನನ್ನ ಹಣವೂ ಹೋಯಿತು, ಅಪಾಯವೂ ಹಾಗೆಯೇ ಉಳಿದಿತ್ತು.

ಗಂಟೆಗೆ 60 ಕಿಲೋಮೀಟರ್ ದಾಟುತ್ತಿದ್ದಂತೆ ನೆಲದ ತಗಡಿನ ಕೆಳಗಿನಿಂದ ಗುಂಯ್ ಎಂಬ ಸದ್ದು ಏಳುತ್ತಿತ್ತು. ಸೀಟು ನಡುಗುತ್ತಿತ್ತು, ಸ್ಟೇರಿಂಗ್ ಮಾತ್ರ ಅಲುಗುತ್ತಿರಲಿಲ್ಲ. ನಿಂತಲ್ಲಿಂದ ಹೊರಡುವಾಗ ಕ್ಲಚ್ ಬಿಟ್ಟೊಡನೆ ಅಡಿಯಲ್ಲಿ 'ಟಣ್' ಎಂದು ಒಂದೇ ಪೆಟ್ಟು. ಎಲ್ಲವನ್ನೂ ಆ ಗ್ಯಾರೇಜಿನವರಿಗೆ ಹೇಳಿದೆ. ಆ ಪೆಟ್ಟಿನ ಮಾತಿಗೆ 'ಹಳೆಯ ಗಾಡಿ ಅಲ್ಲವೇ ಸಾರ್' ಎಂಬ ಉತ್ತರ ಬಂತು. ವೀಲ್ ಬ್ಯಾಲೆನ್ಸಿಂಗ್ ಆಯಿತು, ಮುಂದಿನ ಚಕ್ರಗಳ ಬೇರಿಂಗುಗಳು ಬದಲಾದವು, ಆಮೇಲೆ ಟೈರುಗಳು. ಪ್ರತಿ ಸಲವೂ 'ಈಗ ಸ್ವಲ್ಪ ಕಡಿಮೆಯಾಗಿದೆ, ಅಲ್ಲವೇ?' ಎನ್ನುತ್ತಿದ್ದರು. ಕಳಚಿದ ಬೇರಿಂಗುಗಳನ್ನು ಕೇಳಿ ಪಡೆದು ಬೆರಳಲ್ಲಿ ತಿರುಗಿಸಿದೆ: ಕಿರುಗುಟ್ಟಲಿಲ್ಲ, ಎಲ್ಲಿಯೂ ತಡೆಯಲಿಲ್ಲ.

ಇನ್ನೊಬ್ಬ ಮೆಕ್ಯಾನಿಕ್ ಪಾನಾ ಮುಟ್ಟುವ ಮೊದಲು ನನ್ನ ಪಕ್ಕ ಕುಳಿತು ಗಾಡಿ ಓಡಿಸಲು ಹೇಳಿದರು. ಖಾಲಿ ರಸ್ತೆಯಲ್ಲಿ ಸದ್ದು ಬರುತ್ತಿರುವಾಗ ನ್ಯೂಟ್ರಲ್‌ಗೆ ಹಾಕಿಸಿದರು. ಎಂಜಿನ್ನಿನ ವೇಗ ಇಳಿದರೂ ಸದ್ದು ಹಾಗೆಯೇ ಇತ್ತು. ಗಾಡಿ ನಿಲ್ಲಿಸಿ ಎಂಜಿನ್ನಿನ ವೇಗ ಏರಿಸಿದಾಗ ಏನೂ ಇಲ್ಲ. ಅಲ್ಲಿಗೆ ಎಂಜಿನ್, ಕ್ಲಚ್ ಎರಡೂ ಅನುಮಾನದಿಂದ ಹೊರಬಿದ್ದವು. (ನೀವೂ ಹೀಗೆ ನೋಡುವುದಾದರೆ ಓಡುವಾಗ ಎಂಜಿನ್ ಆರಿಸಬೇಡಿ; ಬ್ರೇಕಿನ ಬಲ ಕುಗ್ಗುತ್ತದೆ.) ಎಡಕ್ಕೂ ಬಲಕ್ಕೂ ನಿಧಾನವಾಗಿ ವಾಲಿಸಿದಾಗ ಸದ್ದು ಬದಲಾಗಲಿಲ್ಲ. ವೀಲ್ ಬೇರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ಭಾರ ಬೀಳುವ ಕಡೆ ಸದ್ದು ಹೆಚ್ಚುತ್ತದೆ.

ಉಳಿದದ್ದು ಲೆಕ್ಕ. ಚಕ್ರದ ಸುತ್ತಳತೆ ಸುಮಾರು 2 ಮೀಟರ್ ಎಂದುಕೊಳ್ಳಿ. 60ರ ವೇಗದಲ್ಲಿ ಅದು ಸೆಕೆಂಡಿಗೆ 8ಕ್ಕಿಂತ ತುಸು ಹೆಚ್ಚು ಸುತ್ತು ತಿರುಗುತ್ತದೆ. ಹಿಂದಿನ ಚಕ್ರಗಳಿಂದ ಓಡುವ ವ್ಯಾನಿನಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದನೆಯ ದಂಡವೇ ಪ್ರೊಪೆಲ್ಲರ್ ಶಾಫ್ಟ್. ಡಿಫರೆನ್ಷಿಯಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತುಗಳ ಲೆಕ್ಕ) 4ರ ಆಸುಪಾಸಿನಲ್ಲಿದ್ದರೆ ಅದು ಸೆಕೆಂಡಿಗೆ ಸುಮಾರು 33 ಸುತ್ತು ತಿರುಗುತ್ತದೆ. ಚಕ್ರದ ದೋಷ ದಡದಡ ಎನ್ನುತ್ತದೆ, ಶಾಫ್ಟಿನದು ಗುಂಯ್‌ಗುಡುತ್ತದೆ.

ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ (ಬರೀ ಜಾಕ್ ನಂಬಿ ಯಾರೂ ಕೆಳಗೆ ನುಗ್ಗಬೇಡಿ) ಅವರು ಟಾರ್ಚ್ ಬಿಟ್ಟು ತೋರಿಸಿದರು. ಯೂನಿವರ್ಸಲ್ ಜಾಯಿಂಟಿನಲ್ಲಿ (ಶಾಫ್ಟ್ ಬಾಗಿದರೂ ತಿರುಗಲು ಬಿಡುವ ಕೀಲು) ಕ್ರಾಸ್ ಎಂಬ ಕೂಡು ಗುರುತಿನಾಕಾರದ ತುಂಡಿನ ತುದಿಯ ಬಟ್ಟಲಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ, ಕುಂಕುಮ ಚೆಲ್ಲಿದ ಹಾಗೆ. ಗ್ರೀಸ್ ಒಣಗಿ, ಒಳಗಿನ ಸೂಜಿ ಬೇರಿಂಗುಗಳು ತಾವೇ ಅರೆದುಕೊಂಡ ಗುರುತು ಅದು. ಶಾಫ್ಟನ್ನು ಕೈಯಲ್ಲಿ ತಿರುವಿದರೆ ಟಕ್ ಎಂದು ಸಡಿಲವಾಗಿ ಅಲುಗುತ್ತಿತ್ತು. ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗಿನ ಸುತ್ತಲಿನ ರಬ್ಬರ್ ಅರ್ಧಕ್ಕೆ ಸೀಳಿತ್ತು.

ಆ ಕ್ರಾಸ್ ಮುರಿದಿದ್ದರೆ ಶಾಫ್ಟಿನ ಮುಂದಿನ ತುದಿ ರಸ್ತೆಗೆ ನಾಟಿಕೊಂಡು ಗಾಡಿಯನ್ನೇ ಎತ್ತಿಬಿಡಬಹುದಿತ್ತು. ಬ್ರೇಕ್ ಪೈಪನ್ನೋ ಇಂಧನದ ಪೈಪನ್ನೋ ಹರಿಯಬಹುದಿತ್ತು. ಇಷ್ಟು ದಿನ ಆ ಸ್ಥಿತಿಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಾಡಿದ್ದೇವೆ, ಅದೂ ಹೊಸ ಟೈರುಗಳ ಭರವಸೆಯಲ್ಲಿ!

ಶಾಫ್ಟ್ ಬಿಚ್ಚಿಸುವವರು ಇನ್ನೊಂದನ್ನು ಗಮನಿಸಿ. ಕಳಚುವ ಮೊದಲೇ ತುಂಡುಗಳ ಮೇಲೆ ಬಣ್ಣದ ಗೆರೆ ಎಳೆದಿರಬೇಕು, ಜೋಡಿಸುವಾಗ ಅವು ಕೂಡಿಬರಬೇಕು. ತಪ್ಪಿದರೆ ಹೊಸ ಕ್ರಾಸ್ ಹಾಕಿಸಿದರೂ ನಡುಕ ಬರುತ್ತದೆ, ಆಗ ಮತ್ತೆ ಟೈರಿನ ಮಾತು ಶುರುವಾಗುತ್ತದೆ.

ಮೊದಲ ಗ್ಯಾರೇಜಿಗೆ ಹೋಗಿ ಹಣ ಕೇಳಿದೆ. 'ಬೇರಿಂಗ್ ಇವತ್ತಲ್ಲ ನಾಳೆ ಹೋಗುವುದೇ ಸಾರ್' ಎಂದರು. ಒಂದು ರೂಪಾಯಿಯೂ ವಾಪಸು ಬರಲಿಲ್ಲ.