ಮನೆಗೆ ಯಾವ ಡ್ರಿಲ್ಲಿಂಗ್ ಮೆಷಿನ್? ಮೂರನ್ನೂ ಮೂರು ಥರದ ಗೋಡೆಗೆ ಹಿಡಿದು ನೋಡಿದೆ

ಡ್ರಿಲ್ಲಿಂಗ್ ಮೆಷಿನ್ ಬೇಕು ಅಂತ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ಬರುವುದೇ "ಎಷ್ಟು ವ್ಯಾಟ್ ಕೊಡ್ಲಿ?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ನಿಮ್ಮ ಗೋಡೆ ಯಾವುದರದ್ದು? ಇದಕ್ಕೆ ಉತ್ತರ ಗೊತ್ತಿಲ್ಲದೆ ಮೆಷಿನ್ ತಂದರೆ ದುಡ್ಡೂ ಹೋಗುತ್ತದೆ, ಕೈಯೂ ನೋಯುತ್ತದೆ.

ನನ್ನ ಹತ್ತಿರ ಈಗ ಮೂರು ಮೆಷಿನ್ ಇವೆ. ಒಂದು, ಎಲ್ಲ ಕಡೆ ಸಿಗುವ ವೈರ್ ಇರುವ ಇಂಪ್ಯಾಕ್ಟ್ ಡ್ರಿಲ್. 600 ವ್ಯಾಟ್, 13 ಎಂಎಂ ಚಕ್ (ಬಿಟ್, ಅಂದರೆ ಕೊರೆಯುವ ಕಡ್ಡಿಯನ್ನು ಹಿಡಿಯುವ ಬಾಯಿ). ಇನ್ನೊಂದು ರೋಟರಿ ಹ್ಯಾಮರ್. 720 ವ್ಯಾಟ್, ಹೊಡೆತದ ಶಕ್ತಿ 2 ಜೂಲ್. ಮೂರನೆಯದು 12 ವೋಲ್ಟಿನ ಕಾರ್ಡ್‌ಲೆಸ್ ಡ್ರಿಲ್, ತಿರುಗುತ್ತಲೇ ಪೆಟ್ಟು ಕೊಡುವ ಹ್ಯಾಮರ್ ಮೋಡ್ ಇರುವಂಥದ್ದು. ಗೋಡೆಗಳೂ ಮೂರು ಥರದವು ಸಿಕ್ಕವು. ಬೆಂಗಳೂರಿನ ನಮ್ಮ ಮನೆಯದು ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ. ತಂಗಿ ಇರುವುದು ಹೊಸ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಅಲ್ಯೂಮಿನಿಯಂ ಅಚ್ಚು ಕಟ್ಟಿ ಗೋಡೆ, ಸ್ಲ್ಯಾಬ್ ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲೇ ಸುರಿದಿದ್ದಾರೆ. ಸೈಟಿನವರು ಇದನ್ನು ಮೈವಾನ್ ಅನ್ನುತ್ತಾರೆ. ಕುಮಟಾ ಹತ್ತಿರದ ಅತ್ತೆ ಮನೆಯದು ಚಿರೆಕಲ್ಲಿನ, ಅಂದರೆ ಕರಾವಳಿಯ ಕೆಂಪು ಮುರಕಲ್ಲಿನ ಗೋಡೆ.

ಸುತ್ತಿಗೆ ಮತ್ತು ಸ್ಟೀಲ್ ಮೊಳೆಯನ್ನೂ ಲೆಕ್ಕಕ್ಕೆ ತಗೋಬೇಕು ಅನ್ನುವವರಿದ್ದಾರೆ. ಕ್ಯಾಲೆಂಡರ್, ಚಿಕ್ಕ ಫೋಟೊ ಇಷ್ಟಕ್ಕೆ ಸಾಕು. ಕಾಂಕ್ರೀಟಿಗೆ ಹೊಡೆದರೆ ಆ ಮೊಳೆ ಮುರಿದು ಮುಖಕ್ಕೇ ಹಾರುವುದುಂಟು. ಕನ್ನಡಕ ಹಾಕದೆ ಹೊಡೆಯಬೇಡಿ.

ಗೋಡೆ ಯಾವುದು ಅಂತ ತಿಳಿಯುವುದು ಕಷ್ಟವಲ್ಲ. ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಚಿಕ್ಕ ತೂತು ಹೊಡೆದು, ಕೆಳಗೆ ಕಾಗದ ಹಿಡಿದು ಪುಡಿ ನೋಡಿ. ಮೊದಲ ಅರ್ಧ ಇಂಚಿನ ಪುಡಿ ಪ್ಲಾಸ್ಟರಿನದ್ದು, ಅದನ್ನು ಬಿಟ್ಟುಬಿಡಿ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ ಅಥವಾ ಚಿರೆಕಲ್ಲು. ಬೂದು ಬಣ್ಣದ ತರಿ ತರಿ ಪುಡಿ ಸಲೀಸಾಗಿ ಬರುತ್ತಿದ್ದರೆ ಸಿಮೆಂಟ್ ಬ್ಲಾಕ್. ಬಿಟ್ ಬೆಣ್ಣೆಗೆ ಇಳಿದ ಹಾಗೆ ಇಳಿದು ಬಿಳಿ ಪುಡಿ ಬಂದರೆ ಅದು ಹಗುರ ಎಎಸಿ ಬ್ಲಾಕ್. ಬೂದು ಪುಡಿ ಹಿಟ್ಟಿನಷ್ಟು ನುಣ್ಣಗಿದ್ದು, ಬಿಟ್ ಮುಂದೆ ಹೋಗಲು ಹಟ ಮಾಡುತ್ತಿದ್ದರೆ ಕಾಂಕ್ರೀಟ್.

ಮೊದಲು ನಮ್ಮ ಮನೆ. ಬ್ಲಾಕ್ ಗೋಡೆಯಲ್ಲಿ 6 ಎಂಎಂ, 8 ಎಂಎಂ ತೂತಿಗೆ ಇಂಪ್ಯಾಕ್ಟ್ ಡ್ರಿಲ್ ಧಾರಾಳವಾಗಿ ಸಾಕು. ರೋಟರಿ ಹ್ಯಾಮರ್ ಇನ್ನೂ ಬೇಗ ಮುಗಿಸುತ್ತದೆ, ನಿಜ. ಆದರೆ ಬ್ಲಾಕಿಗೆ ಅಷ್ಟು ಜೋರು ಪೆಟ್ಟು ಬೇಕಿಲ್ಲ. ತೂತಿನ ಬಾಯಿಯ ಸುತ್ತ ಪ್ಲಾಸ್ಟರ್ ಚಕ್ಕೆ ಏಳುವುದು ಇದರಲ್ಲೇ ಜಾಸ್ತಿ. ಕಾರ್ಡ್‌ಲೆಸ್ ಕೂಡ 6 ಎಂಎಂ ತೂತು ಹೊಡೆಯಿತು, ಆದರೆ ಏದುಸಿರು ಬಿಟ್ಟುಕೊಂಡು. ಒಂದೆರಡು ತೂತಿಗೆ ಪರವಾಗಿಲ್ಲ. ಒಂದು ರೂಮಿನ ಪೂರ್ತಿ ಶೆಲ್ಫ್ ಕೂರಿಸಲು ಇದನ್ನೇ ನೆಚ್ಚಿಕೊಂಡರೆ ಬ್ಯಾಟರಿ ಬಿಸಿಯಾಗಿ ಕೂರುತ್ತದೆ.

ಇಷ್ಟು ನೋಡಿ ಬ್ಲಾಕ್ ಮನೆಗೆ ಇಂಪ್ಯಾಕ್ಟೇ ಸರಿ ಅಂತ ಮುಗಿಸಬಹುದಿತ್ತು. ಆದರೆ ಕರ್ಟನ್ ರಾಡ್ ವಿಷಯ ಬೇರೆ. ಗೋಡೆ ಇಟ್ಟಿಗೆಯದ್ದಾಗಲಿ ಬ್ಲಾಕಿನದ್ದಾಗಲಿ, ಕಿಟಕಿ ಮೇಲಿರುವ ಲಿಂಟಲ್ ಕಾಂಕ್ರೀಟೇ. ರಾಡಿನ ಬ್ರ್ಯಾಕೆಟ್ ಬರುವುದೂ ಅದರ ಮೇಲೇ. ಬಟ್ಟೆ ಒಣಗಿಸುವ ಸೀಲಿಂಗ್ ಹ್ಯಾಂಗರ್ ಹಾಕಬೇಕಾದರೂ ಅಷ್ಟೇ, ಮೇಲಿರುವುದು ಆರ್‌ಸಿಸಿ ಸ್ಲ್ಯಾಬ್. "ನಮ್ಮ ಮೆಷಿನ್ ಬೇರೆ ಕಡೆ ಎಲ್ಲಾ ಹೋಗುತ್ತೆ, ಕಿಟಕಿ ಮೇಲೆ ಮಾತ್ರ ಹೋಗಲ್ಲ" ಅನ್ನುವ ದೂರಿಗೆ ಕಾರಣ ಇದೇ. ಮೆಷಿನ್ ಕೆಟ್ಟಿಲ್ಲ, ಗೋಡೆಯೊಳಗಿನ ಸಾಮಾನು ಬದಲಾಗಿದೆ.

ಯಾಕೆ ಹೋಗುವುದಿಲ್ಲ ಅಂತ ತಿಳಿಯಲು ಮೆಷಿನ್ ಒಳಗೆ ಏನಿದೆ ನೋಡಬೇಕು. ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಹಲ್ಲಿರುವ ಎರಡು ಬಿಲ್ಲೆಗಳು ಎದುರುಬದುರು ಕೂತಿವೆ. ತಿರುಗುವಾಗ ಹಲ್ಲಿನ ಮೇಲೆ ಹಲ್ಲು ಹತ್ತಿ ಜಾರಿ ಬಿಟ್ ಅನ್ನು ಹಿಂದೆ ಮುಂದೆ ಅಲುಗಿಸುತ್ತವೆ. ನಿಮಿಷಕ್ಕೆ 40 ಸಾವಿರಕ್ಕೂ ಜಾಸ್ತಿ ಪೆಟ್ಟು, ಆದರೆ ಒಂದೊಂದು ಪೆಟ್ಟೂ ತೀರಾ ಸಣ್ಣದು. ಜೊತೆಗೆ ನಾವು ಹಿಂದಿನಿಂದ ಒತ್ತಿದರಷ್ಟೇ ಆ ಬಿಲ್ಲೆಗಳು ಒಂದಕ್ಕೊಂದು ತಾಗುವುದು. ಅಂದರೆ ಹೊಡೆತದ ದೊಡ್ಡ ಪಾಲು ನಮ್ಮ ಭುಜದ್ದು. ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ ಇದೆ. ಅದು ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಒಳಗಿನ ಉಕ್ಕಿನ ತುಂಡನ್ನು ತಳ್ಳುತ್ತದೆ, ಅದು ಬಂದು ಬಿಟ್ಟಿನ ಹಿಂಬದಿಗೆ ಬಡಿಯುತ್ತದೆ. ಪೆಟ್ಟುಗಳ ಲೆಕ್ಕ ನಿಮಿಷಕ್ಕೆ ನಾಲ್ಕೂವರೆ ಸಾವಿರದ ಆಸುಪಾಸು, ಇಂಪ್ಯಾಕ್ಟಿನ ಹತ್ತರಲ್ಲಿ ಒಂದು ಪಾಲು. ಆದರೆ ಪ್ರತಿಯೊಂದೂ ಕಲ್ಲು ಒಡೆಯುವ ಪೆಟ್ಟು. ತೆಂಗಿನಕಾಯಿಯನ್ನು ಚಮಚದಲ್ಲಿ ನೂರು ಸಲ ತಟ್ಟುವುದಕ್ಕೂ ಕತ್ತಿಯ ಬೆನ್ನಿನಲ್ಲಿ ಮೂರು ಸಲ ಬಡಿಯುವುದಕ್ಕೂ ಇರುವ ವ್ಯತ್ಯಾಸ ಇದು.

ತಂಗಿ ಮನೆಯಲ್ಲಿ ಇದು ಕಣ್ಣಿಗೆ ಕಟ್ಟಿತು. ಟಿವಿ ಸ್ಟ್ಯಾಂಡಿಗೆ 8 ಎಂಎಂ ತೂತು ಬೇಕಿತ್ತು. ಇಂಪ್ಯಾಕ್ಟ್ ಡ್ರಿಲ್ ಹಿಡಿದಾಗ ಮೊದಲ ಸೆಂಟಿಮೀಟರ್ ಸರಿಯಾಗೇ ಹೋಯಿತು. ಆಮೇಲೆ ಬಿಟ್ ಜಲ್ಲಿಗೆ ತಾಗಿತು. ನಮ್ಮ ಕಡೆ ಕಾಂಕ್ರೀಟಿನ ಜಲ್ಲಿ ಅಂದರೆ ಸಾಮಾನ್ಯವಾಗಿ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು, 20 ಎಂಎಂ ತನಕದ ತುಂಡುಗಳು. ಬಿಟ್ ಅದರ ಮೇಲೆ ಜಾರಿ ಪಕ್ಕಕ್ಕೆ ಸರಿಯತೊಡಗಿತು. ಸ್ವರ ಕೀಚಲಾಯಿತು, ಪುಡಿ ಬರುವುದು ನಿಂತಿತು. ಬಿಟ್ಟಿನ ತುದಿ ಕಾದು ನೀಲಿ ಬಣ್ಣಕ್ಕೆ ತಿರುಗಿತು. ಎಷ್ಟು ಒತ್ತಿದರೂ ಅಷ್ಟೇ. ಅದೇ ಗುರುತಿಗೆ ರೋಟರಿ ಹ್ಯಾಮರ್ ಇಟ್ಟಾಗ ಒತ್ತುವ ಕೆಲಸವೇ ಇಲ್ಲ. ಸುಮ್ನೆ ನೇರವಾಗಿ ಹಿಡಿದುಕೊಂಡಿದ್ದೆ, ಬಿಟ್ ತಾನಾಗಿ ಒಳಗೆ ಹೋಯಿತು. ಜಲ್ಲಿ ಸಿಕ್ಕಾಗ ಕೈಗೆ ಸ್ವಲ್ಪ ನಿಧಾನವಾದದ್ದು ತಿಳಿಯುತ್ತದೆ, ನಿಲ್ಲುವುದಿಲ್ಲ. ತೂತೂ ದುಂಡಗೆ ಬಂತು.

ದುಂಡಗೆ ಬರುವುದು ಅಂದಕ್ಕಲ್ಲ, ಹಿಡಿತಕ್ಕೆ. ಬಿಟ್ ಅಲ್ಲಾಡಿ ತೂತು ಅಂಡಾಕಾರವಾದರೆ ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ತೂರಿಸುವ ಪ್ಲಾಸ್ಟಿಕ್ ತುಂಡು) ಒಳಗೇ ತಿರುಗುತ್ತದೆ, ಸ್ಕ್ರೂ ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. 6 ಎಂಎಂ ನೈಲಾನ್ ಗಿಟ್ಟಿ ಸಾಮಾನ್ಯವಾಗಿ 30 ಎಂಎಂ ಉದ್ದ ಇರುತ್ತದೆ, ತೂತು 40 ಎಂಎಂ ಆಳ ಬೇಕು. ಪ್ಲಾಸ್ಟರಿನ ದಪ್ಪ ಆ ಹಿಡಿತದ ಲೆಕ್ಕಕ್ಕೆ ಬರುವುದಿಲ್ಲ. ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ, ಹೊಡೆದ ಮೇಲೆ ಪುಡಿಯನ್ನು ಊದಿ ತೆಗೆಯಿರಿ.

ರೋಟರಿ ಹ್ಯಾಮರನ್ನು ನಾನು ಮೆಚ್ಚಲು ಇನ್ನೊಂದು ಕಾರಣ ಸೇಫ್ಟಿ ಕ್ಲಚ್. ಕಾಂಕ್ರೀಟಿನೊಳಗಿನ ಕಂಬಿಗೆ ಸಿಕ್ಕಿ ಬಿಟ್ ಕಚ್ಚಿಕೊಂಡರೆ ಕ್ಲಚ್ ಜಾರಿ ತಿರುಗುವುದು ನಿಲ್ಲುತ್ತದೆ. ಈ ಸೌಲಭ್ಯ ಸಾಮಾನ್ಯ ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಇರುವುದಿಲ್ಲ. ಬಿಟ್ ನಿಂತರೆ ಮೆಷಿನ್ನೇ ತಿರುಗಿ ಮಣಿಕಟ್ಟು ಹಿಂಡುತ್ತದೆ. ಪಕ್ಕದ ಹಿಡಿಯನ್ನು ಡಬ್ಬಿಯಲ್ಲೇ ಬಿಟ್ಟು ಒಂದೇ ಕೈಯಲ್ಲಿ ಹೊಡೆಯುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಕಂಬಿ ಸಿಕ್ಕರೆ ಹಟ ಬೇಡ. ಲೋಹದ ಸದ್ದು ಬರುತ್ತದೆ, ಬಿಟ್ ಪುಟಿಯುತ್ತದೆ. ಗುರುತು ಪಕ್ಕಕ್ಕೆ ಸರಿಸಿ, ಹಳೇ ತೂತು ಮುಚ್ಚಿ. ಅಪಾರ್ಟ್‌ಮೆಂಟಿನ ಸ್ಲ್ಯಾಬಿನಲ್ಲಿ ಎಳೆದು ಬಿಗಿದ ಉಕ್ಕಿನ ಕೇಬಲ್ ಇರುವುದೂ ಉಂಟು. ಸೀಲಿಂಗಿಗೆ ಮೆಷಿನ್ ಹಿಡಿಯುವ ಮುಂಚೆ ಅಸೋಸಿಯೇಷನ್‌ನವರನ್ನೋ ಬಿಲ್ಡರನ್ನೋ ಕೇಳಲೇಬೇಕು.

ಹಾಗಾದರೆ ಎಲ್ಲರೂ ರೋಟರಿ ಹ್ಯಾಮರನ್ನೇ ತಗೊಳ್ಳಬಹುದಲ್ವಾ? ಇಲ್ಲ. ಮರ, ಕಬ್ಬಿಣದ ಕೆಲಸಕ್ಕೆ ಅದು ಒಗ್ಗುವುದೇ ಇಲ್ಲ. ಅದರ ಬಿಟ್ ಕೂರುವುದು ಎಸ್‌ಡಿಎಸ್ ಪ್ಲಸ್ ಅನ್ನುವ ಪದ್ಧತಿಯಲ್ಲಿ. 1975ರಲ್ಲಿ ಬಾಷ್ ಕಂಪನಿ ತಂದ ಪದ್ಧತಿ ಇದು. ಗಾಡಿ, ಅಂದರೆ ಉದ್ದ ತೋಡು ಕೊರೆದ 10 ಎಂಎಂ ಬುಡವನ್ನು ಒಳಗೆ ತಳ್ಳಿದರೆ ಟಕ್ ಅಂತ ಕೂರುತ್ತದೆ, ಚಕ್ ಕೀ ಬೇಡ. ಪೆಟ್ಟು ಸಲೀಸಾಗಿ ದಾಟಲಿ ಅಂತ ಬಿಟ್ ಹಿಂದೆ ಮುಂದೆ ಆಡುವಷ್ಟು ಸಡಿಲ ಬಿಟ್ಟಿರುತ್ತಾರೆ. ಮರದ ಬಿಟ್ ಹಾಕಬೇಕಾದರೆ ಮೇಲೊಂದು ಅಡಾಪ್ಟರ್ ಚಕ್ ಬೇಕು. ಆ ಸಡಿಲದಿಂದ ಬಿಟ್ಟಿನ ತುದಿ ಕುಣಿಯುತ್ತದೆ, ಗುರುತಿನ ಮೇಲೆ ನಿಲ್ಲುವುದಿಲ್ಲ. ಎರಡು ಕೆಜಿ ದಾಟಿದ ತೂಕ ಬೇರೆ.

ಮರ, ಪ್ಲೈವುಡ್, ಸ್ಕ್ರೂ ಅಂತ ಬಂದರೆ ನನ್ನ ಮಟ್ಟಿಗೆ ಕಾರ್ಡ್‌ಲೆಸ್ಸಿಗೆ ಸಮಾನ ಇಲ್ಲ. ಕತ್ತಿನಲ್ಲಿರುವ ನಂಬರ್ ಬಳೆಯೇ ಅದರ ಜೀವ. ಆನ್‌ಲೈನಿನಲ್ಲಿ ತರಿಸಿದ ಪಾರ್ಟಿಕಲ್ ಬೋರ್ಡ್ ಕಪಾಟು ಜೋಡಿಸುವಾಗ ಬಳೆಯನ್ನು 3ಕ್ಕೋ 4ಕ್ಕೋ ಇಟ್ಟರೆ, ಸ್ಕ್ರೂ ತಲೆ ಬೋರ್ಡಿಗೆ ಕೂತ ಕೂಡಲೇ ಕಟಕಟ ಅಂತ ಸದ್ದು ಮಾಡಿ ಬಿಟ್ ತಿರುಗುವುದು ನಿಲ್ಲುತ್ತದೆ. ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಇದೇ ಕೆಲಸ ಮಾಡಿದರೆ ಟ್ರಿಗರ್ ಬಿಡುವುದು ಒಂದು ಕ್ಷಣ ತಡವಾದರೂ ಸಾಕು, ಬೋರ್ಡಿನ ಒಳಗಿನ ಪುಡಿ ಕಿತ್ತು ಬರುತ್ತದೆ. ಆ ಜಾಗದಲ್ಲಿ ಮತ್ತೆ ಸ್ಕ್ರೂ ನಿಲ್ಲುವುದಿಲ್ಲ.

ಕುಮಟಾದಲ್ಲಿ ಕಾರ್ಡ್‌ಲೆಸ್ ನನಗೆ ಇನ್ನೂ ಇಷ್ಟವಾಯಿತು. ಚಿರೆಕಲ್ಲು ಮೆದು. 8 ಎಂಎಂ ತೂತಿಗೂ 12 ವೋಲ್ಟ್ ಸಾಕಾಯಿತು. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋಗುವುದು ಬರುವುದು ಮಾಮೂಲಿ, ಕೆಲಸ ನಿಲ್ಲಲಿಲ್ಲ. ಒಂದೇ ತೊಂದರೆ, ಆ ಕಲ್ಲಿನೊಳಗೆ ಅಲ್ಲಲ್ಲಿ ಟೊಳ್ಳು. ಗಿಟ್ಟಿ ಟೊಳ್ಳಿನಲ್ಲಿ ಕೂತರೆ ಹಿಡಿತ ಇರುವುದಿಲ್ಲ. ಅಲ್ಲಿ ಉದ್ದ ಗಿಟ್ಟಿ ಹಾಕಿ, ಹ್ಯಾಮರ್ ಮೋಡ್ ಆಫ್ ಮಾಡಿ ಬರೀ ತಿರುಗಿಸಿಯೇ ಕೊರೆಯುವುದು ಒಳ್ಳೆಯದು. ಎಎಸಿ ಬ್ಲಾಕಿಗೂ ಇದೇ ಮಾತು.

ಬಾತ್‌ರೂಮ್ ಟೈಲ್ಸಿಗೆ ಇಂಪ್ಯಾಕ್ಟ್, ಕಾರ್ಡ್‌ಲೆಸ್ ಎರಡರಲ್ಲಿ ಯಾವುದಾದರೂ ಆಗುತ್ತದೆ, ಹ್ಯಾಮರ್ ಮೋಡ್ ಮಾತ್ರ ಬೇಡ. ಟೈಲ್ಸ್ ಬಿಟ್ ಹಾಕಿ, ಟೇಪ್ ಅಂಟಿಸಿ, ನಿಧಾನವಾಗಿ ಟೈಲ್ಸ್ ದಾಟಿಸಿ. ಆಮೇಲೆ ಬಿಟ್ ಬದಲಿಸಿ. ನಲ್ಲಿ ಪೈಪ್ ಎಲ್ಲಿ ಹೋಗಿದೆ ಅಂತ ಮೊದಲೇ ಗೊತ್ತಿರಲಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಎಲ್ಲೂ ಹೊಡೆಯಬೇಡಿ, ವೈರ್ ಹೋಗುವುದು ಅಲ್ಲೇ.

ರೇಟಿನ ವಿಷಯ. ಒಳ್ಳೆ ಕಂಪನಿಯ ಇಂಪ್ಯಾಕ್ಟ್ ಡ್ರಿಲ್ ಎರಡೂವರೆಯಿಂದ ಮೂರೂವರೆ ಸಾವಿರದ ಆಸುಪಾಸು ಸಿಗುತ್ತದೆ. ರೋಟರಿ ಹ್ಯಾಮರಿಗೆ ಹೆಚ್ಚುಕಮ್ಮಿ ಅದರ ಎರಡು ಪಟ್ಟು. ಕಾರ್ಡ್‌ಲೆಸ್ ಇವೆರಡರ ನಡುವೆ, ಎರಡು ಬ್ಯಾಟರಿ ಬೇಕಂದರೆ ಏರುತ್ತದೆ. ಬೆಂಗಳೂರಿನವರು ಎಸ್‌ಜೆಪಿ ರೋಡಿಗೆ ಹೋದರೆ ಕೈಯಲ್ಲಿ ಹಿಡಿದು ನೋಡಿ ತರಬಹುದು. ತೂಕ ನಿಮ್ಮ ಕೈಗೆ ಹೊಂದುತ್ತದೋ ಇಲ್ಲವೋ ಅನ್ನುವುದು ಫೋಟೊದಲ್ಲಿ ತಿಳಿಯುವುದಿಲ್ಲ.

ವೋಲ್ಟ್ ನೋಡಿ ಮರುಳಾಗಬೇಡಿ. 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್, 21 ವೋಲ್ಟ್ ಮೂರೂ ಒಂದೇ. ಒಳಗಿರುವುದು ಸಾಲಾಗಿ ಐದು ಸೆಲ್. ಒಂದೊಂದರದ್ದು 3.6 ವೋಲ್ಟ್ ಅಂತ ಲೆಕ್ಕ ಹಾಕಿದರೆ 18, ಫುಲ್ ಚಾರ್ಜಿನ 4.2 ಹಿಡಿದರೆ 21. ಇಂಪ್ಯಾಕ್ಟಿಗೆ ವ್ಯಾಟ್, ಕಾರ್ಡ್‌ಲೆಸ್ಸಿಗೆ ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ), ರೋಟರಿಗೆ ಜೂಲ್ ನೋಡಬೇಕು. ಇಂಪ್ಯಾಕ್ಟ್ ಡ್ರಿಲ್ಲಿನ ವ್ಯಾಟನ್ನು ರೋಟರಿಯ ವ್ಯಾಟಿಗೆ ಹೋಲಿಸಿ ಪ್ರಯೋಜನವಿಲ್ಲ. ತಂಗಿ ಮನೆ ಗೋಡೆಗೆ 850 ವ್ಯಾಟಿನ ಇಂಪ್ಯಾಕ್ಟ್ ತಂದರೂ ಜಲ್ಲಿ ಜಲ್ಲಿಯೇ.

ನಾನು ಕೇಳಿದವರಿಗೆ ಹೇಳುವುದು ಇಷ್ಟು. ಸ್ವಂತ ಮನೆ, ಇಟ್ಟಿಗೆ ಅಥವಾ ಬ್ಲಾಕ್ ಗೋಡೆ ಆಗಿದ್ದರೆ ಸ್ಪೀಡ್ ಕಂಟ್ರೋಲ್, ರಿವರ್ಸ್ ಎರಡೂ ಇರುವ ಇಂಪ್ಯಾಕ್ಟ್ ಡ್ರಿಲ್ ತಗೊಳ್ಳಿ. ಲಿಂಟಲ್, ಸ್ಲ್ಯಾಬಿನ ನಾಲ್ಕೈದು ತೂತಿಗೆ ರೋಟರಿ ಬಾಡಿಗೆಗೆ ತನ್ನಿ, ಇಲ್ಲ ಎಲೆಕ್ಟ್ರಿಷಿಯನ್ ಕೈಲಿ ಹೊಡೆಸಿ. ಪೂರ್ತಿ ಕಾಂಕ್ರೀಟ್ ಗೋಡೆಯ ಫ್ಲ್ಯಾಟ್ ಆದರೆ ಇಂಪ್ಯಾಕ್ಟಿಗೆ ದುಡ್ಡು ಹಾಕಲೇಬೇಡಿ. ಚಿಕ್ಕ ರೋಟರಿ ಹ್ಯಾಮರ್, ಜೊತೆಗೆ 12 ವೋಲ್ಟ್ ಕಾರ್ಡ್‌ಲೆಸ್, ಇದೇ ಜೋಡಿ. ತಂಗಿಗೂ ಇದನ್ನೇ ಹೇಳಿದೆ. ಬಾಡಿಗೆ ಮನೆಯವರಿಗೆ, ಕರಾವಳಿಯ ಚಿರೆಕಲ್ಲಿನ ಮನೆಯವರಿಗೆ ಕಾರ್ಡ್‌ಲೆಸ್ ಒಂದೇ ಸಾಕು.

ಯಾವುದನ್ನೇ ತಂದರೂ ಮಾಸ್ಕ್, ಕನ್ನಡಕ ಬೇಕೇ ಬೇಕು. ಕಾಂಕ್ರೀಟ್ ಪುಡಿಯಲ್ಲಿರುವ ಸಿಲಿಕಾ ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ. ಜೋತಾಡುವ ಸೆರಗು, ಲುಂಗಿ, ಸಡಿಲ ಗ್ಲೌಸ್ ಇವು ತಿರುಗುವ ಬಿಟ್ಟಿನ ಹತ್ತಿರ ಬರಬಾರದು.

ಮೆಷಿನ್ ಜೊತೆ ಬರುವ ಬಿಟ್ ಸೆಟ್ ನೆಚ್ಚಿಕೊಳ್ಳಬೇಡಿ. ಕಾರ್ಬೈಡ್ ತುದಿಯ 6 ಮತ್ತು 8 ಎಂಎಂ ಒಳ್ಳೆ ಬಿಟ್ ಎರಡೆರಡು ಬೇರೆಯಾಗಿಯೇ ತನ್ನಿ. ತರುವಾಗ ಬುಡ ನೋಡಿಕೊಳ್ಳಿ. ದುಂಡು ಬುಡದ್ದು ಮಾಮೂಲಿ ಚಕ್ಕಿಗೆ, ಗಾಡಿ ಇರುವುದು ರೋಟರಿಗೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.