ನದಿಯ ಪಾಚಿ ಅಳೆಯಲು ಕೋಪರ್ನಿಕಸ್ ಬ್ರೌಸರ್: ಅಗಲವಾದ ನದಿಗೆ ಸೈ, ಕಿರುಹೊಳೆಗೆ ಬೇಡ

ವರ್ಷಕ್ಕೆ ನಾಲ್ಕೈದು ಸಲ ನೀರಿನ ಮಾದರಿ ತೆಗೆದರೆ ಪಾಚಿ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದು ತಿಳಿಯುವುದೇ ಇಲ್ಲ. ಈ ಕೊರತೆಗೆ ಉಚಿತವಾಗಿ ಸಿಗುವ ಕೋಪರ್ನಿಕಸ್ ಬ್ರೌಸರ್ (ಐರೋಪ್ಯ ಒಕ್ಕೂಟದ ಉಪಗ್ರಹ ಚಿತ್ರಗಳ ಜಾಲತಾಣ) ನಿಜಕ್ಕೂ ಒಳ್ಳೆಯ ಆಸರೆ. ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಸುಮಾರು ಐದು ದಿನಕ್ಕೊಮ್ಮೆ ಬರುತ್ತದೆ, ಮೋಡವಿಲ್ಲದಿದ್ದರೆ.

ಎಲ್2ಎ ಚಿತ್ರ, ಅಂದರೆ ವಾತಾವರಣದ ಪ್ರಭಾವ ತೆಗೆದುಹಾಕಿದ ಚಿತ್ರ ತೆರೆದು, ಬಿ5 ಎಂಬ ಬೆಳಕಿನ ಪಟ್ಟಿಯ ಅಂಕಿಯಿಂದ ಬಿ4 ಪಟ್ಟಿಯ ಅಂಕಿ ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ಇದೇ ಪಾಚಿಯ ಪ್ರಮಾಣ ಸೂಚಿಸುವ ಎನ್‌ಡಿಸಿಐ ಸೂಚ್ಯಂಕ. ಪಾಚಿಯ ಹಸಿರು ಬಣ್ಣದ ವಸ್ತುವಾದ ಕ್ಲೋರೊಫಿಲ್ 665 ನ್ಯಾನೊಮೀಟರ್ ಬಳಿಯ ಕೆಂಪು ಬೆಳಕನ್ನು (ಬಿ4) ಹೀರುತ್ತದೆ. ಪಾಚಿ ದಟ್ಟವಾದಷ್ಟೂ 705ರ ಬಳಿ (ಬಿ5) ಪ್ರತಿಫಲನ ಏರುತ್ತದೆ.

ಮೊದಲ ತೊಡಕು ನದಿಯ ಅಗಲ. ಬಿ5ರ ಒಂದು ಪಿಕ್ಸೆಲ್ 20 ಮೀಟರ್. ದಡದ ಗಿಡಗಳು ಸೇರಿಕೊಂಡ ಪಿಕ್ಸೆಲ್ ಥೇಟ್ ಪಾಚಿಯ ಹಾಗೆಯೇ ಕಾಣುತ್ತದೆ. ಎರಡೂ ಬದಿಯಲ್ಲಿ ಒಂದೊಂದು ಪಿಕ್ಸೆಲ್ ಬಿಟ್ಟುಬಿಡಿ. 60 ಮೀಟರಿಗಿಂತ ಕಿರಿದಾದ ಹರಿವಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಚಿತ್ರದಲ್ಲಿ ನೀರನ್ನು ನೆಲದಿಂದ ಬೇರ್ಪಡಿಸಲು ನೀರಿನ ಸೂಚ್ಯಂಕವಾದ ಎನ್‌ಡಿಡಬ್ಲ್ಯುಐ ಬಳಸುವವರು ಎಚ್ಚರ ವಹಿಸಬೇಕು. ಕೆನೆಗಟ್ಟಿ ತೇಲುವ ಪಾಚಿ ಎಲೆಯ ಹಾಗೆ ಅವಕೆಂಪು ಬೆಳಕನ್ನು ಮರಳಿಸುತ್ತದೆ. ನೀರಲ್ಲದ ಭಾಗವನ್ನು ಮರೆಮಾಡುವ ಮಾಸ್ಕ್ ಅದನ್ನು ನೆಲವೆಂದು ತಿಳಿದು ಕತ್ತರಿಸಿ ಹಾಕಿದರೆ, ಪಾಚಿ ವಿಪರೀತವಾಗಿದ್ದ ದಿನವೇ ಲೆಕ್ಕದಿಂದ ತಪ್ಪಿಹೋಗುತ್ತದೆ! ಪಾಚಿಯಿಲ್ಲದ, ನೀರು ಕಡಿಮೆಯಿರುವ ಒಂದು ದಿನದ ನೀರಿನ ಗಡಿಯನ್ನೇ ಎಲ್ಲ ದಿನಾಂಕಗಳಿಗೂ ಬಳಸಿ.

ಮೂಲ ಕಡತ ಇಳಿಸಿಕೊಂಡು ಲೆಕ್ಕ ಹಾಕುವವರಿಗೆ ಇನ್ನೊಂದು ತೊಡಕಿದೆ. 2022ರ ಜನವರಿ 25ರಿಂದ ಬಂದ ಕಡತಗಳ ಪ್ರತಿ ಅಂಕಿಗೂ 1000 ಕೂಡಿರುತ್ತದೆ. ಬಿ4 400, ಬಿ5 600 ಇದ್ದರೆ ಸೂಚ್ಯಂಕ 0.2. ಆ ಸಾವಿರ ಕಳೆಯದೆ 1400, 1600 ಎಂದೇ ಹಾಕಿದರೆ 0.067. ನದಿ ದಿಢೀರನೆ ಶುದ್ಧವಾಯಿತೆಂಬ ಸುಳ್ಳು ತೀರ್ಮಾನ ಹುಟ್ಟುವುದು ಹೀಗೆ.

ಬೆರಳೆಣಿಕೆಯ ಮಾದರಿಗಳಿದ್ದರೆ ಉಪಗ್ರಹ ಹಾದುಹೋಗುವ ದಿನವೇ, ನದಿಯ ನಡುವಿನಲ್ಲಿ, ಮೇಲಿನಿಂದ 30 ಸೆಂಟಿಮೀಟರ್ ಆಳದಲ್ಲಿ ನೀರು ತೆಗೆಯಿರಿ. ಬೆಳಕು ತಾಗದ ಬಾಟಲಿಯಲ್ಲಿ ಹಾಕಿ ಮಂಜುಗಡ್ಡೆಯಲ್ಲಿಟ್ಟು, 24 ಗಂಟೆಯೊಳಗೆ ಸೋಸಿಬಿಡಿ. ಇಷ್ಟು ಕಡಿಮೆ ಮಾದರಿಗಳಿಂದ ಕ್ಲೋರೊಫಿಲ್‌ನ ಮೈಕ್ರೊಗ್ರಾಂ ಲೆಕ್ಕಕ್ಕೆ ಸಮೀಕರಣ ಕಟ್ಟಲು ಹೋಗಬೇಡಿ. ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂಬ ಕ್ರಮ ಮಾದರಿ, ಸೂಚ್ಯಂಕ ಎರಡರಲ್ಲೂ ಒಂದೇ ಇದೆಯೇ ನೋಡಿದರೆ ಸಾಕು. ಮಳೆಯ ನಂತರದ ಕೆನ್ನೀರಿನ ಚಿತ್ರಗಳನ್ನು ಪಕ್ಕಕ್ಕಿಡಿ, ಹೂಳು ಸೂಚ್ಯಂಕವನ್ನು ಕೆಡಿಸುತ್ತದೆ.

ತಳದ ಕಲ್ಲಿಗೆ ಅಂಟಿ ಬೆಳೆಯುವ ಪಾಚಿಗೆ ಈ ಸೂಚ್ಯಂಕ ಉಪಯೋಗಕ್ಕೆ ಬಾರದು. ಅದನ್ನು ಕಲ್ಲೆತ್ತಿ, ಗೊತ್ತಾದ ಅಳತೆಯ ಜಾಗದಿಂದ ಬ್ರಷ್ಷಿನಲ್ಲಿ ಕೆರೆದೇ ಅಳೆಯಬೇಕು.