ಪಿಎಚ್‌ಪಿ ಆವೃತ್ತಿ ಬದಲಾಗಿ ಸೈಟ್ ನಿಂತರೆ: ಒಂದ್ರೇಯ್ ಪಿಪಿಎ

ಉಬುಂಟು 20.04ರಿಂದ 22.04ಕ್ಕೆ ಹೋದರೆ, ಸೈಟಿನ ಕೋಡ್ ಓಡಿಸುವ ಭಾಷೆಯಾದ ಪಿಎಚ್‌ಪಿ 7.4ರ ಜಾಗಕ್ಕೆ 8.1 ಬಂದು ಕೂರುತ್ತದೆ. ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಮಾತ್ರ ಹಳೆಯ 7.4ರ ಸಾಕೆಟ್ಟನ್ನೇ (ಪಿಎಚ್‌ಪಿಯನ್ನು ಸಂಪರ್ಕಿಸುವ ಫೈಲ್) ಹುಡುಕುತ್ತಿರುತ್ತದೆ. 502 ದೋಷ ಬರುವುದು ಅದಕ್ಕೇ. ಸಾಕೆಟ್ ದಾರಿ ತಿದ್ದಿದರೂ ಹಳೆಯ ಕೋಡ್ ಮುಗ್ಗರಿಸಬಹುದು, ಏಕೆಂದರೆ 'ಈಚ್' ಫಂಕ್ಷನ್ 8.0ರಲ್ಲೇ ಹೋಯಿತು.

ಇಂಥ ಹೊತ್ತಿನಲ್ಲಿ ಒಂದ್ರೇಯ್ ಸೂರಿ ನಿರ್ವಹಿಸುವ ಪಿಪಿಎ (ಉಬುಂಟುವಿನ ಮುಖ್ಯ ಭಂಡಾರದ ಹೊರಗಿನ ಪ್ಯಾಕೇಜ್ ಭಂಡಾರ) ನಿಜವಾದ ಆಪದ್ಬಾಂಧವ. 7.4, 8.1 ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೊಂದು ಸೈಟಿಗೆ ಬೇರೆ ಬೇರೆ ಎಫ್‌ಪಿಎಂ (ಪಿಎಚ್‌ಪಿ ಓಡಿಸುವ ಸೇವೆ) ಸಾಕೆಟ್ ಕೊಡಬಹುದು. ಪ್ಯಾಕೇಜ್ ಹೆಸರಲ್ಲಿ ಆವೃತ್ತಿ ಸಂಖ್ಯೆ ಸೇರಿಸಲೇಬೇಕು. ಬರೀ 'ಪಿಎಚ್‌ಪಿ' ಎಂದು ಕೇಳಿದರೆ ಹೊಸ ಆವೃತ್ತಿಯೇ ಇಳಿಯುತ್ತದೆ, ಮತ್ತೆ ಅದೇ ಗೋಳು. ಮೈಎಸ್‌ಕ್ಯುಎಲ್, ಎಂಬಿಸ್ಟ್ರಿಂಗ್, ಎಕ್ಸ್‌ಎಂಎಲ್, ಕರ್ಲ್ ವಿಸ್ತರಣೆಗಳನ್ನೂ ಅದೇ ಸಂಖ್ಯೆಯೊಂದಿಗೆ ಹಾಕಿ. ಪ್ರತಿ ಆವೃತ್ತಿಗೂ ಸೆಟ್ಟಿಂಗ್ ಫೈಲ್ ಪಿಎಚ್‌ಪಿ.ಐಎನ್‌ಐ ಬೇರೆ, ಅಪ್‌ಲೋಡ್ ಮಿತಿ 2 ಎಂಬಿಗೆ ಮರಳಿದೆಯೇ ನೋಡಿ. ಕ್ರಾನ್ ಕೆಲಸಗಳು (ನಿಗದಿತ ಹೊತ್ತಿಗೆ ತಾವೇ ಓಡುವ ಕೆಲಸಗಳು) ಬಳಸುವ ಕಮಾಂಡ್‌ಲೈನ್ ಆವೃತ್ತಿಯನ್ನು ಅಪ್‌ಡೇಟ್-ಆಲ್ಟರ್ನೇಟಿವ್ಸ್ ಕಮಾಂಡ್‌ನಿಂದ ಬೇರೆಯಾಗಿ ಬದಲಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ ಆವೃತ್ತಿ) ಅಲ್ಲದ ಉಬುಂಟುವಿಗೆ ಈ ಪಿಪಿಎಯನ್ನು ನೆಚ್ಚಬೇಡಿ. 7.4ಕ್ಕೆ ಪಿಎಚ್‌ಪಿ ತಂಡದ ಭದ್ರತಾ ಬೆಂಬಲ 2022ರ ನವೆಂಬರ್‌ನಲ್ಲೇ ಮುಗಿದಿದೆ. ಹಾಗಾಗಿ ಕೋಡ್ ತಿದ್ದಿ ಮುಗಿಸುವವರೆಗೆ ಮಾತ್ರ ಅದನ್ನು ಉಳಿಸಿಕೊಳ್ಳಿ.